ಮುಚ್ಚಿದ ಬಾಗಿಲಾಚೆಯ ಸೋದರಿಯರು

ಕಾಲೇಜಿನ ಗೆಳೆತನವೆಂದರೆ ನಮಗೆ ನೆನಪಾಗುವುದು ಹಂಚಿ ತಿಂದ ಬುತ್ತಿ, ಕಡ ತಂದ ಪುಸ್ತಕ. ಅಮೆರಿಕದಲ್ಲಿ ಅದಕ್ಕೆ ಹೆಸರು, ನಿಯಮ, ಪ್ರತಿಜ್ಞೆಗಳೂ ಉಂಟು. ವಿದ್ಯಾರ್ಥಿನಿಯರ ಇಂಥ ಸಂಘವನ್ನು 'ಸೊರೊರಿಟಿ' ಎನ್ನುತ್ತಾರೆ. ಲ್ಯಾಟಿನ್ನಿನ 'ಸೊರೊರ್' ಎಂದರೆ ಸೋದರಿ. ಆದರೆ ನೂರು ವರ್ಷಗಳ ಹಿಂದೆ ಬಿಳಿಯರ ಸಂಘಗಳಿಗೆ ಕಪ್ಪು ಹುಡುಗಿಯರು ಸೋದರಿಯರಾಗಿರಲಿಲ್ಲ.

1908ರ ಜನವರಿಯಲ್ಲಿ ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಎಥೆಲ್ ಹೆಡ್ಜ್‌ಮನ್ ಮತ್ತವರ ಗೆಳತಿಯರು 'ಆಲ್ಫಾ ಕಪ್ಪಾ ಆಲ್ಫಾ' ಕಟ್ಟಿದರು. ಕಪ್ಪು ವಿದ್ಯಾರ್ಥಿನಿಯರ ಮೊದಲ ಸೊರೊರಿಟಿ ಅದು. ಐದೇ ವರ್ಷಕ್ಕೆ ಒಡಕು ಬಂತು. 22 ಮಂದಿ ಹೊರನಡೆದು 'ಡೆಲ್ಟಾ ಸಿಗ್ಮಾ ಥೀಟಾ' ಸ್ಥಾಪಿಸಿದರು. 1913ರ ಮಾರ್ಚ್ 3ರಂದು ಮತದಾನದ ಹಕ್ಕಿಗಾಗಿ ಮಹಿಳೆಯರ ಮೆರವಣಿಗೆ ಹೊರಟಾಗ, ಕಪ್ಪು ಮಹಿಳೆಯರು ಹಿಂದೆ ನಡೆಯಲಿ ಎಂಬ ಒತ್ತಾಯ ಬಿಳಿಯ ಸಂಘಟಕರಿಂದಲೇ ಬಂತು. ಅವಮಾನ ನುಂಗಿಯೂ ಈ ಹುಡುಗಿಯರು ಬೀದಿಗಿಳಿದರು.

ಹಳೆಯ ಸಂಘವೂ ಸುಮ್ಮನಿರಲಿಲ್ಲ. 1935ರಿಂದ ಕೆಲವು ಬೇಸಿಗೆಗಳಲ್ಲಿ ಡಾ. ಡೊರೊತಿ ಫೆರೆಬಿಯವರ ತಂಡ ಮಿಸಿಸಿಪ್ಪಿಯ ಹತ್ತಿಹೊಲಗಳಿಗೆ ಕಾರುಗಳಲ್ಲಿ ತೆರಳಿ ಕೂಲಿಗಳ ಮಕ್ಕಳಿಗೆ ಲಸಿಕೆ ಹಾಕಿತು.

ಈ ಸಂಘಗಳೂ ಎಲ್ಲರನ್ನೂ ಸೇರಿಸಿಕೊಳ್ಳುವುದಿಲ್ಲ, ಅಲ್ಲಿಯೂ ಆಯ್ಕೆಯಿದೆ. ಹೊರಗುಳಿದ ನೋವನ್ನು ಉಂಡವರೇ ಮತ್ತೊಂದು ಬಾಗಿಲು ಕಟ್ಟಿದರೇ? ನಮ್ಮ ಸಂಘಗಳನ್ನು ಕಟ್ಟುವಾಗಲೂ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಯಿದು.