ಸಾವಿಗೆ ಅಂಜರು, ಸೆರೆಗೆ ಒಪ್ಪರು

ಚದುರಂಗದಲ್ಲಿ ಹೊಡೆಸಿಕೊಂಡ ಕುದುರೆ ಹಲಗೆಯಿಂದ ಆಚೆಗೆ ಹೋಗುತ್ತದೆ. ಅದು ಸತ್ತಿತೋ, ಸೆರೆ ಸಿಕ್ಕಿತೋ ಎಂದು ಯಾರೂ ಕೇಳುವುದಿಲ್ಲ. ಆದರೆ ಆ ಕುದುರೆಯ ಮೇಲೆ ಕುಳಿತವನು ತಾನೇ ಎಂದು ಆಟಗಾರ ಭಾವಿಸಿಕೊಂಡರೆ ಸಾವಿಗೂ ಸೆರೆಗೂ ಅಜಗಜಾಂತರವಾಗುತ್ತದೆ. ಹಾಗೆ ಭಾವಿಸಿಕೊಂಡು ಆಡುವ ಆಟವೊಂದು ಅರ್ಧ ಶತಮಾನದಿಂದ ಪಶ್ಚಿಮ ದೇಶಗಳಲ್ಲಿ ಜನಪ್ರಿಯವಾಗಿದೆ. ವಿಚಿತ್ರವೆಂದರೆ, ಅದರ ಆಟಗಾರರಲ್ಲಿ ಅನೇಕರು ಸೆರೆಗಿಂತ ಸಾವೇ ಮೇಲು ಎನ್ನುತ್ತಾರೆ.

ಈ ಆಟದ ಬೇರು ಚದುರಂಗದಲ್ಲೇ ಇದೆ. ಭಾರತದಿಂದ ಪರ್ಷಿಯಾ ಮಾರ್ಗವಾಗಿ ಯುರೋಪು ತಲುಪಿದ ಚದುರಂಗವನ್ನು ಜರ್ಮನಿಯ ಬ್ರನ್ಸ್‌ವಿಕ್‌ನ ಯೋಹಾನ್ ಹೆಲ್‌ವಿಗ್ 1780ರಲ್ಲಿ ಹಿಗ್ಗಿಸಿ ಯುದ್ಧದ ಆಟವನ್ನಾಗಿ ಮಾಡಿದ. 1824ರಲ್ಲಿ ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಜ್ ನಕ್ಷೆ, ದಾಳ ಹಾಗೂ ತೀರ್ಪುಗಾರನನ್ನು ಸೇರಿಸಿ ಸೇನಾ ತರಬೇತಿಗೆ ಯೋಗ್ಯವಾದ ಆಟ ರೂಪಿಸಿದ. ಇಂಗ್ಲಿಷ್ ಲೇಖಕ ಎಚ್.ಜಿ. ವೆಲ್ಸ್ 1913ರಲ್ಲಿ ಆಟಿಕೆ ಸೈನಿಕರ ಆಟಕ್ಕೆ ನಿಯಮ ಬರೆದಾಗ ಯುದ್ಧಕೈದಿಗಳಿಗೂ ಜಾಗ ಕೊಟ್ಟರು. ತನ್ನವರಿಂದ ದೂರವಾದ ಸಣ್ಣ ತುಕಡಿ ದೊಡ್ಡ ಪಡೆಯ ಕೈಗೆ ಸಿಕ್ಕರೆ ಸೆರೆಯಾಗುತ್ತದೆ. ಕೈದಿಗಳನ್ನು ಹಿಂದಕ್ಕೆ ಸಾಗಿಸಲು ಕಾವಲಿನವರನ್ನು ಕೊಡಬೇಕಾಗುತ್ತದೆ. ಅಲ್ಲಿ ಸೆರೆ ಎಂದರೆ ಲೆಕ್ಕಾಚಾರ ಮಾತ್ರ. ತವರದ ಸೈನಿಕನಿಗೆ ಅವಮಾನವಿಲ್ಲ.

ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಪ್ರಕಟಿಸಿದಾಗ ಈ ಲೆಕ್ಕ ಬದಲಾಯಿತು. ಇಲ್ಲಿ ಆಟಗಾರನ ಕೈಯಲ್ಲಿ ಸೈನ್ಯವಿಲ್ಲ. ಅವನು ಒಬ್ಬನೇ ಒಬ್ಬ ಯೋಧ, ಮಂತ್ರವಾದಿ ಅಥವಾ ಪುರೋಹಿತ. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು ತಮ್ಮ ಪಾತ್ರ ಏನು ಮಾಡುತ್ತದೆ ಎಂದು ಹೇಳುತ್ತಾರೆ. ನಿರ್ವಾಹಕನೊಬ್ಬ ಉಳಿದ ಜಗತ್ತನ್ನು ನಡೆಸುತ್ತಾನೆ. ದಾಳ ಫಲ ಹೇಳುತ್ತದೆ. ಗೆದ್ದವರು, ಸೋತವರು ಎಂಬುದಿಲ್ಲ. ಒಂದೇ ಪಾತ್ರವನ್ನು ವರ್ಷಗಟ್ಟಲೆ ಆಡಬಹುದು.

ಈ ಆಟದಲ್ಲಿ ಶತ್ರು ಶರಣಾಗಲು ಮೊದಲಿನಿಂದಲೂ ದಾರಿ ಇತ್ತು. ಮೂಲ ನಿಯಮಗಳಲ್ಲೇ ಡ್ರ್ಯಾಗನ್ನನ್ನು ಕೊಲ್ಲದೆ ಮಣಿಸಬಹುದಿತ್ತು, ಮಣಿದದ್ದನ್ನು ಮಾರಲೂಬಹುದಿತ್ತು. 1981ರಲ್ಲಿ ಟಾಮ್ ಮೋಲ್ಡ್‌ವೇ ಸಂಪಾದಿಸಿದ ಆವೃತ್ತಿ ಪ್ರತಿ ರಾಕ್ಷಸನ ಧೈರ್ಯಕ್ಕೂ 2ರಿಂದ 12ರವರೆಗೆ ಅಂಕ ನಿಗದಿ ಮಾಡಿತು. ಗುಂಪಿನಲ್ಲಿ ಮೊದಲ ಸಾವಾದಾಗ ಅಥವಾ ಅರ್ಧದಷ್ಟು ಮಂದಿ ಉರುಳಿದಾಗ ಎರಡು ದಾಳ ಎಸೆಯಬೇಕು. ಮೊತ್ತ ಆ ಅಂಕ ಮೀರಿದರೆ ಉಳಿದವರ ಕೆಚ್ಚು ಮುರಿಯುತ್ತದೆ. ಆದರೆ ಆಟಗಾರರ ಪಾತ್ರಗಳಿಗೆ ಈ ನಿಯಮ ಅನ್ವಯಿಸಲಿಲ್ಲ. ಹೋರಾಡುವುದೋ ಮಣಿಯುವುದೋ ಆಟಗಾರನಿಗೇ ಬಿಟ್ಟದ್ದು. ಆತ ಮಣಿಯಲಿಲ್ಲ.

ಇದಕ್ಕೆ ಶೌರ್ಯವೊಂದೇ ಕಾರಣವಲ್ಲ. ಆಟದ ಲೆಕ್ಕದಲ್ಲಿ ಪಾತ್ರದ ಪ್ರಾಣಶಕ್ತಿ ಕೆಲವು ಅಂಕಗಳ ಮೊತ್ತ. ಕೊನೆಯ ಅಂಕ ಉಳಿದಿರುವವರೆಗೂ ಯೋಧನ ತೋಳ್ಬಲ ಕುಗ್ಗುವುದಿಲ್ಲ. ಸೋಲು ಸನ್ನಿಹಿತ ಎಂಬ ಅರಿವು ತಡವಾಗಿ ಬರುತ್ತದೆ. ಇನ್ನು, ಸತ್ತ ಪಾತ್ರದ ಬದಲಿಗೆ ಹೊಸದನ್ನು ಅದೇ ಸಂಜೆ ಸೃಷ್ಟಿಸಿಕೊಳ್ಳಬಹುದು. ಸೆರೆ ಸಿಕ್ಕವನ ಆಯುಧ, ಚಿನ್ನ, ಮಂತ್ರದ ಹೊತ್ತಗೆ ಎಲ್ಲವೂ ಕೈಬಿಟ್ಟು ಹೋಗುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ‘ನಾನು ಹೀಗೆ ಮಾಡುತ್ತೇನೆ’ ಎನ್ನುವ ಮಾತೇ ಈ ಆಟದ ಜೀವಾಳ. ಕೈಕಾಲು ಕಟ್ಟಿಸಿಕೊಂಡವನಿಗೆ ಹೇಳಲು ಏನೂ ಇರುವುದಿಲ್ಲ.

ಇದರ ಪ್ರಸಿದ್ಧ ಉದಾಹರಣೆ ‘ಸ್ಲೇವ್ ಲಾರ್ಡ್ಸ್’ ಎಂಬ ಸಾಹಸ ಸರಣಿ. 1980ರಲ್ಲಿ ವಿಸ್ಕಾನ್ಸಿನ್‌ನ ಜೆನ್ ಕಾನ್ ಮೇಳದ ಸ್ಪರ್ಧೆಗೆಂದು ರಚಿಸಿದ ಇದು 1980-81ರಲ್ಲಿ ನಾಲ್ಕು ಪುಸ್ತಕಗಳಾಗಿ ಹೊರಬಂತು. ಗುಲಾಮರ ವ್ಯಾಪಾರಿಗಳ ಬೆನ್ನಟ್ಟಿ ಹೋದ ನಾಯಕರು ಮೂರನೆಯ ಪುಸ್ತಕದ ಕೊನೆಗೆ ಸೆರೆಯಾಗಬೇಕು. ಲಾರೆನ್ಸ್ ಶಿಕ್ ಬರೆದ ನಾಲ್ಕನೆಯದರಲ್ಲಿ ಅವರು ಆಯುಧ, ಕವಚ ಕಳೆದುಕೊಂಡು ಕತ್ತಲ ನೆಲಮಾಳಿಗೆಯಲ್ಲಿ ಕಣ್ಣು ಬಿಡುತ್ತಾರೆ. ಕಲ್ಲು, ಮೂಳೆ, ಉಪಾಯಗಳಷ್ಟೇ ಅವರ ಪಾಲಿನ ಬಂಡವಾಳ. ತಪ್ಪಿಸಿಕೊಳ್ಳುವ ಈ ಭಾಗದ ಜಾಣ್ಮೆಯನ್ನು ಮೆಚ್ಚಿದವರುಂಟು. ಆದರೆ ಎಷ್ಟೇ ಚೆನ್ನಾಗಿ ಆಡಿದರೂ ಸೆರೆ ತಪ್ಪದು ಎಂಬುದು ಹಲವರನ್ನು ಕೆರಳಿಸಿತು. ಹೀಗೆ ನಿರ್ವಾಹಕ ತನಗೆ ಬೇಕಾದ ಕಡೆಗೇ ಕಥೆಯನ್ನು ಎಳೆದೊಯ್ಯುವುದನ್ನು ಆಟಗಾರರು ರೈಲು ಹಳಿಗೆ ಹೋಲಿಸಿ ಹಳಿಯುತ್ತಾರೆ.

ಮುಂದಿನ ತಲೆಮಾರು ಬೇರೆ ದಾರಿ ಹಿಡಿಯಿತು. 2013ರ ‘ಫೇಟ್ ಕೋರ್’ ಆಟದಲ್ಲಿ ಸೋಲು ಖಚಿತವೆನಿಸಿದ ಆಟಗಾರ ಎದುರಾಳಿ ದಾಳ ಎಸೆಯುವ ಮುನ್ನವೇ ‘ಒಪ್ಪಿಕೊಂಡೆ’ ಎನ್ನಬಹುದು. ಕಾಳಗ ಕೈಬಿಟ್ಟು ಹೋಗುತ್ತದೆ. ಆದರೆ ತನ್ನ ಪಾತ್ರ ಹೇಗೆ ಸೋತಿತು ಎಂಬುದರಲ್ಲಿ ಅವನ ಮಾತು ನಡೆಯುತ್ತದೆ. ಮುಂದೆ ಉಪಯೋಗಕ್ಕೆ ಬರುವ ಅಂಕವೂ ಸಿಗುತ್ತದೆ. 2014ರ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆವೃತ್ತಿಯಲ್ಲಿ, ಕೈಕೈ ಮಿಲಾಯಿಸಿ ಕೊನೆಯ ಪೆಟ್ಟು ಕೊಡುವವನು ಎದುರಾಳಿಯನ್ನು ಕೊಲ್ಲದೆ ಮೂರ್ಛೆಗೊಳಿಸಬಹುದು.

ನಿಜವಾದ ಯುದ್ಧದ ಚರಿತ್ರೆ ಹೇಳುವುದೂ ಇದನ್ನೇ. ಯಾರನ್ನೂ ಜೀವಸಹಿತ ಬಿಡುವುದಿಲ್ಲ ಎಂದು ಸಾರುವುದನ್ನು 1899ರ ಹೇಗ್ ಒಪ್ಪಂದ ನಿಷೇಧಿಸಿತು. 1929ರ ಜಿನೀವಾ ಒಪ್ಪಂದ ಯುದ್ಧಕೈದಿಗಳ ಹಕ್ಕುಗಳನ್ನು ವಿವರವಾಗಿ ಬರೆಯಿತು. ಶರಣಾದ ಮೇಲೂ ಬದುಕು ಉಂಟು ಎಂಬ ಭರವಸೆ ಇದ್ದರೆ ಮಾತ್ರ ಸೈನಿಕ ಆಯುಧ ಕೆಳಗಿಡುತ್ತಾನೆ. ಮೇಜಿನ ಮುಂದಿನ ಆಟಗಾರನೂ ಅಷ್ಟೇ. ಸೆರೆಮನೆಯ ಬಾಗಿಲು ಮುಚ್ಚಿದ ಮೇಲೂ ತನ್ನ ಮಾತಿಗೆ ಬೆಲೆ ಇದೆ ಎಂದು ನಿರ್ವಾಹಕನ ಮೇಲೆ ಅವನಿಗೆ ನಂಬಿಕೆ ಬರಬೇಕು. ಆ ನಂಬಿಕೆಯಿಲ್ಲದ ಕಡೆ ಎಲ್ಲರೂ ಕೊನೆಯುಸಿರಿನವರೆಗೆ ಕಾದಾಡುವ ವೀರರೇ.