ಆಟ ಶುರುವಾದಾಗ ಕಳಚಿಡುವ ಟೋಪಿ: ಒಂದು ಪೂಲ್ ಕ್ಯೂ ಕಥೆ

ಭಾಗ 1/8

ಮೊದಲ ಫೋಟೋ ಝೂಮ್ ಮಾಡಿ ನೋಡಿ. ಏನು ಅಂತ ಗೊತ್ತಾಯ್ತಾ? ಕ್ಲಾಸ್ ಗ್ರೂಪಲ್ಲಿ ಹಾಕಿದಾಗ ಒಬ್ಬ ಚೆಸ್ ಕಾಯಿ ಅಂದ, ಒಬ್ಬಳು ಲಿಪ್‌ಸ್ಟಿಕ್ ಮುಚ್ಚಳ ಅಂದಳು, ನಮ್ಮ ಲಾಸ್ಟ್ ಬೆಂಚ್ ಮಹಾಶಯ ಅಗರಬತ್ತಿ ಸ್ಟ್ಯಾಂಡ್ ಅಂದ. ಯಾವುದೂ ಅಲ್ಲ. ಇದರ ಹೆಸರು ಜಾಯಿಂಟ್ ಪ್ರೊಟೆಕ್ಟರ್. ಪೂಲ್ ಆಡೋ ಕೋಲಿಗೆ, ಅಂದ್ರೆ ಕ್ಯೂಗೆ, ಹಾಕೋ ಟೋಪಿ.

ಪೂಲ್ ಕ್ಯೂ ಸಾಮಾನ್ಯವಾಗಿ ಎರಡು ತುಂಡು. ಮಧ್ಯೆ ಒಂದು ಸ್ಕ್ರೂ. ಕೈ ಹಿಡಿಯೋ ಭಾಗದಿಂದ ಪಿನ್ ಹೊರಗೆ ಬಂದಿರುತ್ತೆ, ಮುಂದಿನ ಭಾಗದಲ್ಲಿ ಅದಕ್ಕೆ ಸರಿಯಾದ ತೂತು. ಆಟ ಮುಗಿದ ಮೇಲೆ ಬಿಚ್ಚಿ ಬ್ಯಾಗಿಗೆ ಹಾಕ್ತೀವಿ. ಆಗ ಆ ಪಿನ್ ಬರಿಮೈಲಿ ಇರುತ್ತೆ. ಅದಕ್ಕೊಂದು, ತೂತಿಗೊಂದು ಮುಚ್ಚಳ. ಅಷ್ಟೇ ಇದರ ಕೆಲಸ.

ನನಗೆ ಇದು ಗೊತ್ತಾಗಿದ್ದು ನಷ್ಟ ಆದ ಮೇಲೆ. ಎರಡು ತಿಂಗಳ ಪಾರ್ಟ್‌ಟೈಮ್ ಸಂಬಳ ಕೊಟ್ಟು ಸೆಕೆಂಡ್ ಹ್ಯಾಂಡ್ ಕ್ಯೂ ತಗೊಂಡಿದ್ದೆ. ಜೂನ್ ಮಳೆ, ಬಸ್ಸಲ್ಲಿ ನೂಕಾಟ, ಬ್ಯಾಗ್ ಕಂಬಿಗೆ ಬಡೀತು. ಪಿನ್ನಿನ ಥ್ರೆಡ್ ಜಜ್ಜಿಹೋಯ್ತು. ಕ್ಲಬ್ಬಲ್ಲಿ ಒಬ್ಬ ಅಣ್ಣ ನೋಡಿ, "ಇದರ ಟೋಪಿ ಎಲ್ಲಪ್ಪಾ?" ಅಂದ್ರು. "ಯಾವ ಟೋಪಿ?" ಅಂದೆ. ಈ ಸರಣಿ ಹುಟ್ಟಿದ್ದು ಅಲ್ಲಿಂದ. 🎱

ಭಾಗ 2/8

ಮೊದಲು ಕೋಲಿನ ಕಥೆ.

ಬಿಲಿಯರ್ಡ್ಸ್ ಯುರೋಪಿನ ಆಟ. ಆರಂಭದಲ್ಲಿ ಕ್ಯೂ ಇರಲಿಲ್ಲ. ತುದೀಲಿ ಮರದ ದಪ್ಪ ತಲೆ ಇದ್ದ ಮೇಸ್ ಅನ್ನೋ ಕೋಲಿಂದ ಚೆಂಡನ್ನ ತಳ್ತಿದ್ರು. ಚೆಂಡು ಗೋಡೆ ಪಕ್ಕ ನಿಂತರೆ ಆ ದಪ್ಪ ತಲೆ ಹೋಗೋದೇ ಕಷ್ಟ. ಆಗ ಕೋಲನ್ನ ತಿರುಗಿಸಿ ಸಣ್ಣ ಹಿಂಬದಿಯಿಂದ ಹೊಡೆಯೋಕೆ ಶುರು ಮಾಡಿದ್ರು. ಕ್ಯೂ ಹುಟ್ಟಿದ್ದು ಹಾಗೆ. ಆ ಫ್ರೆಂಚ್ ಪದದ ಅರ್ಥವೇ "ಬಾಲ".

19ನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಮಿಂಗೋ ಎಂಬಾತ ತುದಿಗೆ ಚರ್ಮ ಅಂಟಿಸಿದ. ಚೆಂಡು ಜಾರೋದು ನಿಂತು, ಸ್ಪಿನ್ ಕೊಡೋಕೆ ಸಾಧ್ಯವಾಯ್ತು. ಅದೇ ಶತಮಾನದಲ್ಲಿ ಎರಡು ತುಂಡಿನ ಕ್ಯೂಗಳೂ ಬಂದ್ವು. ಒಂದೂವರೆ ಮೀಟರ್ ಉದ್ದದ ಕೋಲನ್ನ ಹೊತ್ತು ಊರೂರು ತಿರುಗೋ ಆಟಗಾರನಿಗೆ ಇದು ದೊಡ್ಡ ಉಪಕಾರ. ಆದರೆ ತುಂಡು ಮಾಡಿದ ಕ್ಷಣದಿಂದ ಕ್ಯೂಗೆ ಒಂದು ದುರ್ಬಲ ಜಾಗ ಬಂತು. ಅದೇ ಜಾಯಿಂಟ್.

ನಮ್ಮ ಪಕ್ಕದ ಊಟಿಗೂ ಇಲ್ಲೊಂದು ಪಾತ್ರ ಇದೆ. 1875ರಲ್ಲಿ ಜಬಲ್‌ಪುರದ ಸೇನಾ ಮೆಸ್ಸಿನಲ್ಲಿ ಹುಟ್ಟಿದ ಸ್ನೂಕರ್ ಆಟಕ್ಕೆ ನಿಯಮಗಳು ಬರವಣಿಗೆಗೆ ಇಳಿದಿದ್ದು 1882ರಲ್ಲಿ, ಊಟಿ ಕ್ಲಬ್ಬಲ್ಲಿ. ಆಟ ಕಟ್ಟಿದ ಅಧಿಕಾರಿ ನೆವಿಲ್ ಚೇಂಬರ್ಲೇನ್ (ಬ್ರಿಟನ್ ಪ್ರಧಾನಿ ಬೇರೆ, ಇವರು ಬೇರೆ). ಆದರೆ ಸ್ನೂಕರ್ ಕ್ಯೂ ನೋಡಿ, ಸಾದಾ ಸೀದಾ. ಕೋಲನ್ನ ಒಡವೆ ತರ ಅಲಂಕರಿಸಿದ್ದು ಅಮೆರಿಕದ ಪೂಲ್ ಜನ.

ಭಾಗ 3/8

ಅಮೆರಿಕದಲ್ಲಿ ಬ್ರನ್ಸ್‌ವಿಕ್ ಅನ್ನೋ ದೊಡ್ಡ ಕಂಪನಿ "ಟೈಟ್ಲಿಸ್ಟ್" ಹೆಸರಿನ ಒಂದೇ ತುಂಡಿನ ಕ್ಯೂ ಮಾಡ್ತಿತ್ತು. ಪೂಲ್ ಹಾಲ್‌ಗಳ ಗೋಡೆಗೆ ಒರಗಿಸಿಡೋ ಸಾಮಾನ್ಯ ಕೋಲು. ಅದರಲ್ಲಿ ಮೇಪಲ್ ಮರದೊಳಗೆ ಕಪ್ಪು ಮರ ನಾಲ್ಕು ಚೂಪು ಬೆರಳುಗಳ ಹಾಗೆ ಸೇರ್ಕೊಂಡಿರುತ್ತೆ. ಎರಡೂ ಕೈ ಬೆರಳು ಹೆಣೆದು ನೋಡಿ, ಸುಮಾರು ಹಾಗೇ. ಬರೀ ಅಂಟಿಗಿಂತ ಈ ಹೆಣಿಗೆ ಗಟ್ಟಿ.

ಷಿಕಾಗೋದಲ್ಲಿ ಹರ್ಮನ್ ರ‍್ಯಾಂಬೋ ಅನ್ನೋ ಕುಶಲಕರ್ಮಿ ಈ ಕೋಲುಗಳನ್ನ ಕತ್ತರಿಸಿ, ಜಾಯಿಂಟ್ ಕೂರಿಸಿ, ಆಟಗಾರನ ಕೈಗೆ ತಕ್ಕ ಹಾಗೆ ತೂಕ ಹೊಂದಿಸಿ ಕೊಡ್ತಿದ್ರು. ವಿಲ್ಲಿ ಹೋಪ್ ತರದ ಚಾಂಪಿಯನ್‌ಗಳು ಅವರ ಗಿರಾಕಿಗಳು.

ಆಮೇಲೆ ಬಂದವರು ಜಾರ್ಜ್ ಬಲಬುಷ್ಕಾ. ರಷ್ಯಾದಲ್ಲಿ 1912ರಲ್ಲಿ ಹುಟ್ಟಿ, 1924ರಲ್ಲಿ ನ್ಯೂಯಾರ್ಕಿಗೆ ಬಂದವರು. ಕಸುಬು ಮರಗೆಲಸ. 1959ರಲ್ಲಿ ಸ್ನೇಹಿತರಿಗೆ ಉಡುಗೊರೆ ಕೊಡೋಕೆ ಅಂತ ಕ್ಯೂ ಮಾಡೋಕೆ ಶುರು ಮಾಡಿದ್ರು. ಮೊದಮೊದಲು ಅವರು ಬಳಸಿದ್ದೂ ಅದೇ ಟೈಟ್ಲಿಸ್ಟ್ ಕೋಲುಗಳನ್ನ. 1975ರಲ್ಲಿ ತೀರಿಕೊಳ್ಳೋವರೆಗೆ ಅವರು ಮಾಡಿದ್ದು ಸುಮಾರು 1,000ದಿಂದ 1,200 ಕ್ಯೂ ಅಂತ ಅಂದಾಜು. ಈಗಿನ ಫ್ಯಾಕ್ಟರಿಗೆ ಈ ಸಂಖ್ಯೆ ಏನೇನೂ ಅಲ್ಲ. ಆದರೆ ಪೂಲ್ ಆಡೋರು ಆ ಹೆಸರು ಹೇಳೋದೇ ಬೇರೆ ದನಿಯಲ್ಲಿ.

ಭಾಗ 4/8

ಎರಡು ಸಿನಿಮಾ ಈ ಕಥೆ ಬದಲಾಯಿಸಿದ್ವು. 1961ರ "ದಿ ಹಸ್ಲರ್" ಬಂದ ಮೇಲೆ ಅಮೆರಿಕದಲ್ಲಿ ಪೂಲ್ ಮತ್ತೆ ಜೀವ ಪಡೀತು. 1986ರ "ದಿ ಕಲರ್ ಆಫ್ ಮನಿ"ಯಲ್ಲಿ ಪಾಲ್ ನ್ಯೂಮನ್ ಪಾತ್ರ ಟಾಮ್ ಕ್ರೂಸ್ ಪಾತ್ರಕ್ಕೆ ಒಂದು "ಬಲಬುಷ್ಕಾ" ಕೊಡುತ್ತೆ. ಮಜಾ ಏನು ಗೊತ್ತಾ? ಪರದೆ ಮೇಲೆ ಕಾಣೋದು ಬಲಬುಷ್ಕಾ ಅಲ್ಲ. ಅದೇ ಶೈಲಿಯಲ್ಲಿ ಜಾಸ್ ಅನ್ನೋ ಕಂಪನಿ ಮಾಡಿದ ಕ್ಯೂ. ಅಸಲಿಯನ್ನ ಶೂಟಿಂಗಲ್ಲಿ ಹಾಳು ಮಾಡೋ ಧೈರ್ಯ ಯಾರಿಗಿರುತ್ತೆ?

ಕ್ಯೂಗೆ ಬೆಲೆ ಬಂದ ಮೇಲೆ ಅದನ್ನ ಕಾಯೋ ವಸ್ತುವಿಗೂ ಮರ್ಯಾದೆ ಬಂತು. ಪ್ಲಾಸ್ಟಿಕ್ ಮುಚ್ಚಳ ಸಾಲದು ಅನ್ನಿಸ್ತು. ಕ್ಯೂನಲ್ಲಿ ಯಾವ ಮರ ಇದೆಯೋ ಟೋಪಿಯಲ್ಲೂ ಅದೇ ಮರ, ಕೋಲಲ್ಲಿ ಯಾವ ಉಂಗುರ ಇದೆಯೋ ಇಲ್ಲೂ ಅದೇ ಉಂಗುರ, ಅದೇ ಚಿಪ್ಪಿನ ಚುಕ್ಕಿ.

ಒಂದರ ಟೋಪಿ ಇನ್ನೊಂದಕ್ಕೆ ಆಗಲ್ಲ. ಬಲಬುಷ್ಕಾ ಬಳಸ್ತಿದ್ದ ಪಿನ್ 5/16 ಇಂಚು ದಪ್ಪ, ಇಂಚಿಗೆ 14 ಥ್ರೆಡ್. ಬೇರೆಯವರದ್ದು ಇಂಚಿಗೆ 18. ಇನ್ನು ಕೆಲವರದ್ದು 3/8 ಇಂಚು ದಪ್ಪ, ಇಂಚಿಗೆ 10. ಅಂದ್ರೆ ಟೋಪಿ ಮಾಡೋನು ಮೊದಲು ಕ್ಯೂ ನೋಡಲೇಬೇಕು.

ಭಾಗ 5/8

ಹೇಗೆ ಮಾಡ್ತಾರೆ? ಸೇವ್ ಮಾಡ್ಕೊಳ್ಳಿ, ಇದು ಮುಖ್ಯ ಭಾಗ.

1. ಚೆನ್ನಾಗಿ ಒಣಗಿದ ಮರದ ತುಂಡು. ಹಸಿ ಮರ ಆದರೆ ಆಮೇಲೆ ಕುಗ್ಗುತ್ತೆ, ಸೀಳುತ್ತೆ.
2. ನಟ್ಟನಡುವೆ ತೂತು ಕೊರೆದು ಹಿತ್ತಾಳೆ ಥ್ರೆಡ್ ಕೂರಿಸ್ತಾರೆ. ತೂತು ಕೂದಲೆಳೆ ಓರೆ ಆದರೂ ಟೋಪಿ ಸೊಟ್ಟಗೆ ಕೂರುತ್ತೆ.
3. ಕ್ಯೂ ಪಿನ್ನಿನದೇ ಅಳತೆಯ ಇನ್ನೊಂದು ಪಿನ್ನಿಗೆ ಸಿಕ್ಕಿಸಿ ಲೇತ್ ಮೇಲೆ ತಿರುಗಿಸ್ತಾರೆ. ಒಂದೇ ಸಲಕ್ಕಲ್ಲ. ಸ್ವಲ್ಪ ತೆಗೆದು, ಕೆಲವು ದಿನ ಬಿಟ್ಟು, ಮತ್ತೆ ಸ್ವಲ್ಪ. ಪ್ರತಿ ಸಲ ಕೊಯ್ದಾಗಲೂ ಮರ ಮೈ ಮುರಿಯುತ್ತೆ, ಅದಕ್ಕೆ ಸಮಯ ಕೊಡಬೇಕು.
4. ಇನ್‌ಲೇ. ಮುತ್ತಿನ ಚಿಪ್ಪನ್ನ ಸಣ್ಣ ಗರಗಸದಲ್ಲಿ ಹೂವು, ವಜ್ರ, ಚುಕ್ಕಿ ಆಕಾರಕ್ಕೆ ಕತ್ತರಿಸಿ, ಮರದಲ್ಲಿ ಅದೇ ಆಕಾರದ ಗುಂಡಿ ತೋಡಿ, ಅಂಟು ಹಾಕಿ ಕೂರಿಸೋದು.
5. ಉಜ್ಜಿ ಮಟ್ಟ ಮಾಡೋದು. ಚಿಪ್ಪು ಚಪ್ಪಟೆ, ಟೋಪಿ ಗುಂಡಗೆ. ಗುಂಡಗಾಗೋ ತನಕ ಉಜ್ಜಬೇಕು, ಆದರೆ ಚಿಪ್ಪು ತೆಳ್ಳಗಿದ್ದರೆ ಸವೆದೇ ಹೋಗುತ್ತೆ. ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಮಾಸ್ಕ್ ಇಲ್ಲದೆ ಕೂರಲೇಬಾರದು.

ಅಮೆರಿಕದಲ್ಲಿ ಮೊದಲು ಗುಂಡಿ ತೋಡೋಕೆ ಪ್ಯಾಂಟೋಗ್ರಾಫ್ ಬಳಸ್ತಿದ್ರು. ದೊಡ್ಡ ಅಚ್ಚಿನ ಮೇಲೆ ಕೈಯಾಡಿಸಿದರೆ ಇನ್ನೊಂದು ತುದೀಲಿ ಸಣ್ಣ ಕಟ್ಟರ್ ಅದನ್ನೇ ಚಿಕ್ಕದಾಗಿ ಕೊರೆಯುತ್ತೆ. ಆಮೇಲೆ ಸಿಎನ್‌ಸಿ ಬಂತು. ಆದರೆ ತಿರುಗೋ ಕಟ್ಟರ್ ಒಳಮೂಲೆಯನ್ನ ಯಾವಾಗಲೂ ಗುಂಡಗೇ ಬಿಡುತ್ತೆ. ಚೂಪು ಮೂಲೆ ಬೇಕಾದರೆ ಕೊನೆಗೆ ಕೈಯಲ್ಲಿ ಚಾಕುವೋ ಉಳಿಯೋ ಹಿಡೀಲೇಬೇಕು. ಇನ್‌ಲೇ ನೋಡುವಾಗ ಮೂಲೆ ನೋಡಿ. ಕೈ ಎಲ್ಲಿ ಕೆಲಸ ಮಾಡಿದೆ ಅಂತ ಅಲ್ಲಿ ಗೊತ್ತಾಗುತ್ತೆ.

ಭಾಗ 6/8

ಈಗ ಸ್ವಲ್ಪ ಕಹಿ ಭಾಗ. ಆನೆ.

ಹಳೇ ಬಿಲಿಯರ್ಡ್ಸ್ ಚೆಂಡು ಆನೆದಂತದ್ದು. ದಂತ ದುಬಾರಿ ಆಗ್ತಾ ಹೋದ ಹಾಗೆ, 1863ರಲ್ಲಿ ಅಮೆರಿಕದ ಫೆಲನ್ ಅಂಡ್ ಕೊಲೆಂಡರ್ ಕಂಪನಿ ಬದಲಿ ವಸ್ತು ಕಂಡುಹಿಡಿದವರಿಗೆ 10,000 ಡಾಲರ್ ಬಹುಮಾನ ಅಂತ ಘೋಷಿಸಿತು. ಆ ಹುಡುಕಾಟಕ್ಕೆ ಇಳಿದ ಜಾನ್ ವೆಸ್ಲಿ ಹಯಾಟ್ ಸೆಲ್ಯುಲಾಯ್ಡ್‌ವರೆಗೆ ಬಂದ. ನಮ್ಮ ಸುತ್ತ ಇರೋ ಪ್ಲಾಸ್ಟಿಕ್ ಕಥೆಯ ಒಂದು ಅಧ್ಯಾಯ ಶುರುವಾಗೋದು ಬಿಲಿಯರ್ಡ್ಸ್ ಟೇಬಲ್ ಮೇಲೆ!

ಚೆಂಡು ಬದಲಾಯ್ತು, ಆದರೆ ಕ್ಯೂನ ಉಂಗುರ, ಇನ್‌ಲೇ, ಟೋಪಿಗಳಲ್ಲಿ ದಂತ ಬಹಳ ಕಾಲ ಉಳೀತು. 1989ರಲ್ಲಿ ಆಫ್ರಿಕಾ ಆನೆದಂತದ ಅಂತಾರಾಷ್ಟ್ರೀಯ ವ್ಯಾಪಾರ ನಿಷೇಧಕ್ಕೆ ದೇಶಗಳು ಒಪ್ಪಿದವು. 2016ರಲ್ಲಿ ಅಮೆರಿಕ ತನ್ನೊಳಗಿನ ವ್ಯಾಪಾರವನ್ನೂ ಬಹುತೇಕ ನಿಲ್ಲಿಸಿತು.

ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಗೆ 1986ರಲ್ಲಿ ತಿದ್ದುಪಡಿ ಬಂದು ಭಾರತದ ದಂತದ ವ್ಯಾಪಾರ ನಿಂತಿತು. 1991ರ ತಿದ್ದುಪಡಿಯಲ್ಲಿ ಆಫ್ರಿಕಾ ದಂತವೂ ನಿಂತಿತು. ಇದು ತಟ್ಟಿದ್ದು ಯಾರಿಗೆ? ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸಗಾರರಿಗೂ. ಅರಮನೆಯ ಅಂಬಾವಿಲಾಸಕ್ಕೆ ಹೋದರೆ ಬೀಟೆ ಮರದಲ್ಲಿ ದಂತ ಕೂರಿಸಿದ ಬಾಗಿಲು ನೋಡಿ. ಆ ವಿದ್ಯೆ ಈಗ ಬೇರೆ ಬೇರೆ ಬಣ್ಣದ ಮರ, ಪ್ಲಾಸ್ಟಿಕ್ ಕೂರಿಸಿ ಬದುಕಿದೆ. ನಿಷೇಧ ಸರಿಯಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆನೆ ಹಲ್ಲಿಗೋಸ್ಕರ ಆನೆ ಸಾಯಬಾರದು. ಆದರೆ ನಿಷೇಧ ಬಂದ ದಿನ ಕೈಕಸುಬಿನವನಿಗೆ ಮುಂದೇನು ಅಂತ ಕೇಳೋರೂ ಬೇಕಿತ್ತು.

ಇನ್ನೊಂದು ಕೊಂಡಿ ಬೀಟೆ ಮರ. ಅಮೆರಿಕದ ಕ್ಯೂ ಮಾಡೋರಿಗೂ ಅದು ಇಷ್ಟ. 2017ರ ಜನವರಿಯಿಂದ ಬೀಟೆ ಸೇರಿದ ಇಡೀ ಜಾತಿಯ ಮರಗಳಿಗೆ ದೇಶ ದಾಟೋಕೆ ಪರವಾನಗಿ ಪತ್ರ ಬೇಕು.

ಭಾಗ 7/8

ಮೈಸೂರು ಯಾಕೆ ಬಂತು ಅಂದ್ರೆ, ನನ್ನ ಸೋದರಮಾವ ಇಪ್ಪತ್ತೆರಡು ವರ್ಷ ಇನ್‌ಲೇ ಕೆಲಸ ಮಾಡಿದವರು. ನಾಲ್ಕು ವರ್ಷದ ಹಿಂದೆ ಬಿಟ್ಟು ಈಗ ಅಪಾರ್ಟ್‌ಮೆಂಟ್ ಒಂದರಲ್ಲಿ ಸೆಕ್ಯುರಿಟಿ. ಜಜ್ಜಿದ ಪಿನ್ ತೋರಿಸಿ, "ಮಾವ, ಇದಕ್ಕೊಂದು ಟೋಪಿ ಮಾಡಿಕೊಡ್ತೀರಾ?" ಅಂತ ಕೇಳಿದೆ.

ಅಮೆರಿಕದ ಟೋಪಿಗಳ ಫೋಟೋ ತೋರಿಸಿದೆ. ಸುಮ್ಮನೆ ಬಹಳ ಹೊತ್ತು ನೋಡಿದ್ರು. "ಆಡುವಾಗ ಇದನ್ನ ತೆಗೆದಿಡ್ತೀರಾ?" ಅಂದ್ರು. ಹೌದು ಅಂದೆ. "ಮತ್ತೆ ಇಷ್ಟೊಂದು ಕೆಲಸ ಯಾಕೆ ಮಾಡ್ತಾರೆ ಮಾವ?" ಅಂತ ನಾನೇ ಕೇಳಿದೆ. "ಯಾಕೋ, ಬಾಗಿಲಿಗೆ ಕೆತ್ತನೆ ಮಾಡಲ್ವಾ? ಜನ ಓಡಾಡೋದು ಬಾಗಿಲು ತೆಗೆದಾಗ. ಅಂತ ಬಾಗಿಲನ್ನ ಹಾಗೇ ಬಿಡ್ತಾರಾ?"

ಪಿನ್ನಿನ ಥ್ರೆಡ್ ಲೇತ್ ಅಂಗಡೀಲಿ ಸರಿಯಾಯ್ತು, ಹಿತ್ತಾಳೆ ಥ್ರೆಡ್ಡೂ ಅಲ್ಲೇ ಆಯ್ತು. ಮಿಕ್ಕಿದ್ದೆಲ್ಲ ಮಾವನ ಕೈ. ನೈಟ್ ಡ್ಯೂಟಿ ಮುಗಿಸಿ ಬಂದು, ಬೆಳಿಗ್ಗೆ ಒಂದೊಂದು ಗಂಟೆ, ಮೂರು ವಾರ. ಹಳೇ ಬೀಟೆ ತುಂಡು, ಡಬ್ಬಿಯ ತಳದಲ್ಲಿ ಉಳಿದಿದ್ದ ಚಿಪ್ಪು. ಒಟ್ಟು 19 ಗಂಟೆ, ನಾನು ಲೆಕ್ಕ ಇಟ್ಟಿದ್ದೆ.

ಬಿಕಾಂ ಬುದ್ಧಿ ಬಿಡುತ್ತಾ? ಕಾಸ್ಟ್ ಶೀಟ್ ಹಾಕಿದೆ.
ಮರ, ಚಿಪ್ಪು, ಅಂಟು: ₹420
ಟೋಪಿಗೆ ಲೇತ್ ಅಂಗಡಿ ಕೆಲಸ: ₹350
ಕೂಲಿ, 19 ಗಂಟೆ × ₹60: ₹1,140
ಒಟ್ಟು: ₹1,910

"ಗಂಟೆಗೆ ಎಷ್ಟು ಹಾಕಿದ್ದೀಯ?" ಅಂತ ಕೇಳಿದ್ರು. "ಅರವತ್ತು ಮಾವ" ಅಂದೆ, ಕಮ್ಮಿ ಆಯ್ತೇನೋ ಅಂತ ಹೆದರ್ಕೊಂಡು. ಅವರು ನಕ್ಕುಬಿಟ್ರು. "ಪೀಸ್ ರೇಟಲ್ಲಿ ನಂಗೆ ಯಾವತ್ತೂ ಅಷ್ಟು ಬಿದ್ದಿಲ್ಲ ಕಣೋ."

ಆ ನಗು ನನಗೆ ಇನ್ನೂ ಜೀರ್ಣ ಆಗಿಲ್ಲ.

ಭಾಗ 8/8

ಈ ಪೋಸ್ಟ್ ನೋಡಿ ನೀವು ಹೇಳಬಹುದು: ಆನ್‌ಲೈನಲ್ಲಿ ಪ್ಲಾಸ್ಟಿಕ್ ಜೋಡಿ ಇದಕ್ಕಿಂತ ತುಂಬಾ ಅಗ್ಗಕ್ಕೆ ಸಿಗುತ್ತೆ ಮಗಾ. ಸಿಗುತ್ತೆ. ಪಿನ್ನನ್ನೂ ಚೆನ್ನಾಗೇ ಕಾಯುತ್ತೆ. ಬರೀ ಕೆಲಸದ ಲೆಕ್ಕ ಹಾಕಿದರೆ ಮಾವನ ಟೋಪಿ ಸೋಲುತ್ತೆ.

ಆದರೆ ಇತಿಹಾಸ ಓದಿದಾಗ ಒಂದು ವ್ಯತ್ಯಾಸ ಕಾಣ್ತು. ಬಲಬುಷ್ಕಾನೂ ಮರಗೆಲಸದವರೇ, ಮಾವನೂ ಮರಗೆಲಸದವರೇ. ಅಲ್ಲಿ ಗಿರಾಕಿ ಮೊದಲು ಕೇಳೋ ಪ್ರಶ್ನೆ, "ಇದು ಯಾರ ಕೈ?" ಬೆಲೆ ನಿಂತಿರೋದು ಆ ಹೆಸರಿನ ಮೇಲೆ. ಅಕೌಂಟ್ಸ್ ಪಾಠದಲ್ಲಿ ಗುಡ್‌ವಿಲ್ ಅಂತ ಓದ್ತೀವಲ್ಲ, ಅದೇ. ಮಾವ ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಫಲಕ ಮಾಡಿದ್ರೋ, ಒಂದರ ಮೇಲೂ ಅವರ ಹೆಸರಿಲ್ಲ. ಅದು ಯಾರದೋ ಡ್ರಾಯಿಂಗ್ ರೂಮಲ್ಲಿ ಇದೆ. ಮಾಡಿದವರು ಯಾರು ಅಂತ ಆ ಮನೆಯವರಿಗೆ ಗೊತ್ತಿಲ್ಲ. ಗುಡ್‌ವಿಲ್ ಎಲ್ಲಾ ಅಂಗಡಿ ಬೋರ್ಡಿಗೆ ಹೋಯ್ತು, ಪೀಸ್ ರೇಟ್ ಮಾವನಿಗೆ ಬಂತು.

ಅದಕ್ಕೇ ಟೋಪಿ ಮೇಲೆ ಹೆಸರು ಹಾಕಿ ಅಂದೆ. "ಹೋಗೋ, ಯಾರು ನೋಡ್ತಾರೆ" ಅಂದ್ರು. ಮುಂದಿನ ಭಾನುವಾರ ಟೋಪಿ ಕೈಗೆ ಕೊಟ್ಟರು. ಮನೆಗೆ ಬಂದು ತಿರುಗಿಸಿ ನೋಡಿದೆ. ತಳದ ಅಂಚಲ್ಲಿ, ಹಿತ್ತಾಳೆ ಪಕ್ಕ, ಸಾಸಿವೆಗಿಂತ ಸ್ವಲ್ಪ ದೊಡ್ಡದಾಗಿ, ಚಿಪ್ಪಲ್ಲಿ ಒಂದೇ ಅಕ್ಷರ. ಅವರ ಹೆಸರಿನ ಮೊದಲ ಅಕ್ಷರ. ಕೊನೆಯ ಫೋಟೋ ಅದೇ.

ನಾನು ಕಾಸ್ಟ್ ಶೀಟ್ ಹರಿದು ಹೊಸದು ಬರೆದಿದ್ದೀನಿ. ಗಂಟೆಗೆ ₹150. ಈ ರೇಟಿಗೆ ಯಾರಾದರೂ ತಗೋತಾರಾ ಗೊತ್ತಿಲ್ಲ. ಕ್ಲಬ್ಬಿನ ಆ ಅಣ್ಣ ಮಾತ್ರ ತಮ್ಮ ಕ್ಯೂ ಅಳತೆ ಕೊಟ್ಟು, "ನಿಮ್ಮ ಮಾವನಿಗೆ ಆತುರ ಇಲ್ಲ ಅಂತ ಹೇಳು" ಅಂದಿದ್ದಾರೆ. ಮಾವ ಗರಗಸದ ಬ್ಲೇಡ್ ಹೊಸದು ತರಿಸಿದ್ದಾರೆ.

ನಿಮ್ಮ ಮನೇಲೂ ಕೈಕಸುಬು ಗೊತ್ತಿರೋ ಅಜ್ಜಿ, ದೊಡ್ಡಪ್ಪ, ಮಾವ ಯಾರಾದರೂ ಇದ್ದರೆ ಇವತ್ತು ಒಂದು ಪ್ರಶ್ನೆ ಕೇಳಿ: ಒಂದಕ್ಕೆ ಎಷ್ಟು ಗಂಟೆ ಹಿಡೀತಿತ್ತು, ಎಷ್ಟು ಸಿಗ್ತಿತ್ತು? ಉತ್ತರವನ್ನ ಕಾಮೆಂಟಲ್ಲಿ ಬರೀರಿ. ಎಲ್ಲಾ ಓದ್ತೀನಿ. 🙏

#ಪೂಲ್‌ಕ್ಯೂ #ಇತಿಹಾಸದತುಣುಕು #ಮೈಸೂರುಇನ್‌ಲೇ #ಬಿಕಾಂಹುಡುಗರು #ಯಾರಕೈ