ಆನ್‌ಲೈನ್‌ಗೆ ಮಾಲು ಹಾಕಿಕೊಡ್ತೀವಿ ಅಂತ ಏಜೆನ್ಸಿಯವರು ಬಂದ್ರೆ ಏನು ಕೇಳಬೇಕು? ಬೊಂಬೆ ಅಂಗಡಿಯವರಿಗೆ ಮಾಹಿತಿ

ಚನ್ನಪಟ್ಟಣ: ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ 2023ರಲ್ಲಿ ಉದ್ಘಾಟನೆಯಾಗಿ ವಾಹನಗಳೆಲ್ಲ ಬೈಪಾಸ್ ಹಿಡಿದ ಮೇಲೆ, ಹಳೇ ರಸ್ತೆಯ ಬೊಂಬೆ ಅಂಗಡಿಗಳಲ್ಲಿ ವ್ಯಾಪಾರ ಬಿದ್ದಿರೋದು ಎಲ್ಲರಿಗೂ ಗೊತ್ತು. ಇಂಥ ಟೈಮಲ್ಲಿ ‘ನಿಮ್ಮ ಮಾಲನ್ನ ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋದಲ್ಲಿ ನಾವೇ ಹಾಕ್ತೀವಿ, ಸ್ಟಾಕೂ ನಾವೇ ನೋಡ್ಕೋತೀವಿ’ ಅಂತ ಏಜೆನ್ಸಿಯವರು ಬಂದ್ರೆ ಯಾರಿಗಾದ್ರೂ ಆಸೆ ಆಗುತ್ತೆ. ಅಡ್ವಾನ್ಸ್ ಕೊಡೋ ಮುಂಚೆ ಅವರ ಕೆಲಸ ಪರೀಕ್ಷೆ ಮಾಡೋದು ಹೇಗೆ ಅನ್ನೋದು ಇಲ್ಲಿದೆ.

ಮೊದಲು ಹತ್ತೇ ಐಟಂ ಕೊಟ್ಟು ನೋಡಿ. ಸುಲಭದ್ದು ಬೇಡ. ಐದು ಬಣ್ಣದಲ್ಲಿ ಬರೋ ಗಿಲಕಿ, ಮೂರು ಸೈಜಿನ ಕುದುರೆ, ಸೆಟ್ಟಾಗಿ ಮಾರೋ ಅಡುಗೆ ಸಾಮಾನಿನ ಬೊಂಬೆ, ಇಂಥವು ಇರಲಿ. ಒಂದೆರಡು ಐಟಂಗೆ ಅಳತೆಯನ್ನೋ, ಎಷ್ಟು ವಯಸ್ಸಿನ ಮಕ್ಕಳಿಗೆ ಅನ್ನೋದನ್ನೋ ಬೇಕಂತಲೇ ಬರೆಯದೆ ಕೊಡಿ. ಆಮೇಲೆ ಸುಮ್ನೆ ಕಾಯಿರಿ. ಒಳ್ಳೆ ಏಜೆನ್ಸಿಯವರು ಫೋನ್ ಮಾಡಿ ‘ಇದರ ಉದ್ದ ಎಷ್ಟು?’ ಅಂತ ಕೇಳ್ತಾರೆ. ಕೇಳದೆ ತಾವೇ ಏನೋ ಒಂದು ತುಂಬಿಸಿ ಕಳಿಸಿದ್ರೆ ಅಲ್ಲಿಗೇ ಕೈಮುಗಿದು ಬಿಡಿ. ನೂರು ಐಟಂ ಕೊಟ್ಟಾಗಲೂ ಅವರು ಮಾಡೋದು ಅದನ್ನೇ. ಫೋಟೋ ಎಷ್ಟು ಚೆನ್ನಾಗಿ ತೆಗೆದ್ರು ಅನ್ನೋದಕ್ಕಿಂತ ಇದು ಮುಖ್ಯ.

ಯಾಕಂದ್ರೆ ಪೇಜಲ್ಲಿ ತಪ್ಪು ಬಂದ್ರೆ ಹೊಡೆತ ಬೀಳೋದು ಮಾರೋರಿಗೇ. ಆಟಿಕೆಗಳಿಗೆ 1 ಜನವರಿ 2021ರಿಂದ ಬಿಐಎಸ್ ಗುರುತು ಕಡ್ಡಾಯ. ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿದ ಕುಶಲಕರ್ಮಿಗಳಿಗೆ, ಜಿಐ ಅಧಿಕೃತ ಬಳಕೆದಾರರಿಗೆ ವಿನಾಯಿತಿ ಇದೆ. ನೀವು ಯಾವುದರಲ್ಲಿ ಬರ್ತೀರಿ ಅಂತ ಕೇಳದೆ ‘ಐಎಸ್‌ಐ ಇದೆ’ ಅಂತ ಟಿಕ್ ಹಾಕೋರನ್ನ ನಂಬಬೇಡಿ. ಹಾಗೇ ಹೊರಗಿಂದ ತಂದ ಪ್ಲಾಸ್ಟಿಕ್ ಮಾಲಿಗೂ ‘ಚನ್ನಪಟ್ಟಣ ಬೊಂಬೆ’ ಅಂತ ಹೆಸರು ಕೊಟ್ಟರೆ ಜಿಐ ಕಾನೂನಿನ ತಕರಾರು ಬರುತ್ತೆ. ಆಲೆಮರ, ಅರಗು ಅಂತ ಬರೆಯೋದು ಅದೇ ಆಗಿದ್ರೆ ಮಾತ್ರ.

ಇನ್ನು ತೂಕ. ಇಲ್ಲೇ ಜಾಸ್ತಿ ದುಡ್ಡು ಹೋಗೋದು. ಕೊರಿಯರ್‌ನವರು ಬೊಂಬೆ ತೂಕ ಒಂದನ್ನೇ ನೋಡಲ್ಲ, ಡಬ್ಬದ ಉದ್ದ, ಅಗಲ, ಎತ್ತರವನ್ನ ಸೆಂಟಿಮೀಟರ್‌ನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸ್ತಾರೆ. 30×20×20ರ ಡಬ್ಬ ಅಂದ್ರೆ 2.4 ಕೆಜಿ. ಒಳಗಿನ ಬೊಂಬೆ 700 ಗ್ರಾಂ ಇದ್ರೂ ಚಾರ್ಜ್ ಬೀಳೋದು 2.4 ಕೆಜಿಗೆ. ಏಜೆನ್ಸಿಯವರು ಡಬ್ಬದ ಅಳತೆ ಕೇಳದೆ 700 ಗ್ರಾಂ ಅಂತಲೇ ಹಾಕಿ ರೇಟ್ ಕಟ್ಟಿದ್ರೆ ನಿಮ್ಮ ಲಾಭ ಕೊರಿಯರ್‌ಗೇ ಹೋಗುತ್ತೆ.

‘ಸ್ಟಾಕ್ ಲಿಂಕ್ ಮಾಡ್ತೀವಿ’ ಅಂದ್ರೆ ಅಂಗಡೀಲೇ ತೋರಿಸೋಕೆ ಹೇಳಿ. ಬಿಲ್ಲಿಂಗ್ ಕಂಪ್ಯೂಟರ್‌ನಲ್ಲಿ ಒಂದು ಪೀಸ್ ಬಿಲ್ ಮಾಡಿ, ಮೊಬೈಲಲ್ಲಿ ಆ ಐಟಂ ಕಮ್ಮಿಯಾಗೋಕೆ ಎಷ್ಟು ನಿಮಿಷ ಅಂತ ನೋಡಿ. ದಿನಕ್ಕೊಂದು ಸಲ ಎಕ್ಸೆಲ್ ಶೀಟ್ ಹಾಕೋದಾದ್ರೆ ಅದು ಲಿಂಕ್ ಅಲ್ಲ. ಬೆಳಗ್ಗೆ ಕೌಂಟರಲ್ಲಿ ಮಾರಿದ ಕೊನೇ ಪೀಸ್‌ಗೆ ಮಧ್ಯಾಹ್ನ ಆರ್ಡರ್ ಬರುತ್ತೆ, ಕ್ಯಾನ್ಸಲ್ ಮಾಡ್ತೀರಿ. ಕ್ಯಾನ್ಸಲ್ ಜಾಸ್ತಿ ಆದ್ರೆ ಸೆಲ್ಲರ್ ಅಕೌಂಟೇ ಬಂದ್ ಆಗಬಹುದು.

ಆ ಅಕೌಂಟ್ ನಿಮ್ಮದೇ ಪ್ಯಾನ್, ನಿಮ್ಮದೇ ಬ್ಯಾಂಕ್, ನಿಮ್ಮದೇ ಮೊಬೈಲ್ ನಂಬರಲ್ಲಿ ಇರಲಿ. ಏಜೆನ್ಸಿಗೆ ಬೇರೆ ಲಾಗಿನ್ ಮಾಡಿಕೊಡಿ, ಒಟಿಪಿ ಹೇಳಬೇಡಿ. ಬಿಟ್ಟು ಹೋಗುವಾಗ ಪೂರ್ತಿ ಐಟಂ ಪಟ್ಟಿ, ಒರಿಜಿನಲ್ ಫೋಟೋ ಕೊಡಬೇಕು ಅಂತ ಅಗ್ರಿಮೆಂಟಲ್ಲಿ ಬರೆಸಿ. ಒಂದೇ ಗಿಲಕಿಯ ಐದು ಬಣ್ಣಕ್ಕೆ ಐದು ಐಟಂ ಅಂತ ಬಿಲ್ ಹಾಕ್ತಾರಾ? ಕಮಿಷನ್ ಆದ್ರೆ ರಿಟರ್ನ್ ಬಂದ ಮಾಲಿಗೂ ಹಿಡೀತಾರಾ? ಇದೂ ಅದರಲ್ಲೇ ಇರಲಿ.

ಜಿಎಸ್‌ಟಿ ನಂಬರ್ ಇಲ್ಲದವರಿಗೆ ಒಂದು ಮಾತು. ವಹಿವಾಟು ನೋಂದಣಿ ಮಿತಿಯೊಳಗೆ ಇದ್ರೆ, 1 ಅಕ್ಟೋಬರ್ 2023ರಿಂದ ನೀವೂ ಆನ್‌ಲೈನ್ ಮಾರಬಹುದು. ಪ್ಯಾನ್ ಬೇಕು, ಜಿಎಸ್‌ಟಿ ಪೋರ್ಟಲ್‌ನಲ್ಲಿ ಎನ್‌ರೋಲ್‌ಮೆಂಟ್ ನಂಬರ್ ತಗೋಬೇಕು. ಆದ್ರೆ ಮಾಲು ಕರ್ನಾಟಕದೊಳಗೆ ಮಾತ್ರ ಹೋಗಬೇಕು. ‘ಜಿಎಸ್‌ಟಿ ಬೇಡ, ದೇಶಪೂರ್ತಿ ಮಾರ್ಕೊಡ್ತೀವಿ’ ಅನ್ನೋರನ್ನ ಅಲ್ಲೇ ವಾಪಸ್ ಕಳಿಸಿ.